ರಿವಾಲ್ವರ್ ಕೈ ಕೊಡುವುದಿಲ್ಲ

ಬ್ರಹ್ಮಪುರ, ಕಲಬುರಗಿ
16 ನವೆಂಬರ್ 2023

ಪಿ.ಎಸ್.ಐ. ಮಾಯಾ ಅವರಿಗೆ,

ಒಂಬತ್ತು ವರ್ಷದ ಹಿಂದೆ ಪೊಲೀಸ್ ತರಬೇತಿ ಕಾಲೇಜಿನಲ್ಲಿ ನಿಮ್ಮ ತಂಡಕ್ಕೆ ಗುಂಡು ಹಾರಿಸುವುದನ್ನು ಕಲಿಸಿದ ಪಾಂಡುರಂಗ ಆಳಂದಕರ ನಾನು. ನಿವೃತ್ತನಾಗಿ ಏಳು ವರ್ಷವಾಯಿತು.

ನಿವೃತ್ತ ಅಧಿಕಾರಿಗಳ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಅಧಿಕಾರಿಗಳು ಸೊಂಟಕ್ಕೆ ಯಾವ ಆಯುಧ ಕಟ್ಟಲು ಇಷ್ಟಪಡುತ್ತಾರೆ, ಸೇವೆ ಬೆಳೆದಂತೆ ಆ ಇಷ್ಟ ಹೇಗೆ ಬದಲಾಗುತ್ತದೆ ಎಂಬುದು ವಿಷಯ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತು ಜನರಿಗೆ ಬರೆಯುತ್ತಿದ್ದೇನೆ. ನೀವು ಮೊದಲು ಯಾವುದನ್ನು ಇಟ್ಟುಕೊಂಡಿರಿ, ಈಗ ಯಾವುದು, ಬದಲಾಯಿಸಿದ್ದರೆ ಕಾರಣವೇನು, ಕರ್ತವ್ಯದಲ್ಲಿ ಎಂದಾದರೂ ಗುಂಡು ಹಾರಿಸಿದ್ದೀರಾ? ಇಷ್ಟು ತಿಳಿಸಿದರೆ ಸಾಕು. ಹೆಸರು ಎಲ್ಲಿಯೂ ಬರುವುದಿಲ್ಲ.

ಗುಂಡಿನ ಮೈದಾನದಲ್ಲಿ ಹದಿನಾರು ವರ್ಷ ನಿಂತು ನನ್ನ ಎರಡೂ ಕಿವಿ ಹೋಗಿವೆ. ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಮೊಬೈಲಿನ ಅಕ್ಷರಕ್ಕೆ ಕಣ್ಣು ಒಗ್ಗುವುದಿಲ್ಲ. ಆದ್ದರಿಂದ ಟಪಾಲಿನಲ್ಲೇ ಉತ್ತರ ಕಳಿಸಿ.

ಪಾಂಡುರಂಗ ಆಳಂದಕರ


ಕಮಲಾಪುರ
26 ನವೆಂಬರ್ 2023

ಗೌರವಾನ್ವಿತ ಸರ್,

ನಮಸ್ಕಾರಗಳು. ನಿಮ್ಮ ಪತ್ರ ತಲುಪಿತು. ನೌಕರಿಗೆ ಸೇರಿದ ಮೇಲೆ ಸರ್ಕಾರಿ ಮೊಹರು ಇಲ್ಲದ ಪತ್ರ ನನ್ನ ಹೆಸರಿಗೆ ಬಂದದ್ದು ಇದೇ ಮೊದಲು.

ಮೊದಲ ನಾಲ್ಕು ವರ್ಷ ಒಂಬತ್ತು ಎಂ.ಎಂ. ಪಿಸ್ತೂಲು ಇಟ್ಟುಕೊಂಡಿದ್ದೆ. ನಮ್ಮ ತಂಡದವರೆಲ್ಲ ಅದನ್ನೇ ಕೇಳುತ್ತಿದ್ದರು. ಹದಿಮೂರು ಗುಂಡು ಹಿಡಿಯುತ್ತದೆ, ನೋಡಲೂ ಹೊಸದು. ಇಲ್ಲಿನ ಠಾಣೆಗೆ ಬಂದ ಮೇಲೆ ಬದಲಾಯಿಸಿ .38 ರಿವಾಲ್ವರ್ ತೆಗೆದುಕೊಂಡೆ. ಕಾರಣ ನಿಮ್ಮ ಪಾಠ. ತರಗತಿಯಲ್ಲಿ ನೀವು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ: "ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್ ಕೈ ಕೊಡುವುದಿಲ್ಲ." ಕರ್ತವ್ಯದಲ್ಲಿ ಗುಂಡು ಹಾರಿಸಿಲ್ಲ.

ನಮ್ಮ ಮನೆಯಲ್ಲಿ ಸಮವಸ್ತ್ರ ಹಾಕಿದವಳು ನಾನೊಬ್ಬಳೇ. ಅಪ್ಪ ಕೆಂಪುಬಾಳೆಯ ತೋಟಗಳಲ್ಲಿ ಕೂಲಿ ಮಾಡಿ ಓದಿಸಿದರು. ಮೊದಲ ಸಲ ನನ್ನ ಸೊಂಟದಲ್ಲಿ ಪಿಸ್ತೂಲು ನೋಡಿದಾಗ, "ಇದು ಬ್ಯಾಡವ್ವಾ, ಲಾಠಿ ಸಾಕು" ಅಂದರು. ಲೇಖನಕ್ಕೆ ಇದು ಬೇಡವಾಗಿದ್ದರೆ ಬಿಟ್ಟುಬಿಡಿ.

ಒಂದು ಕುತೂಹಲ ಸರ್. ನೀವು ಯಾವುದನ್ನು ಕಟ್ಟುತ್ತಿದ್ದಿರಿ?

ನಿಮ್ಮ ವಿದ್ಯಾರ್ಥಿನಿ,
ಮಾಯಾ


ಬ್ರಹ್ಮಪುರ, ಕಲಬುರಗಿ
4 ಡಿಸೆಂಬರ್ 2023

ಮಾಯಾ ಅವರಿಗೆ,

ಈವರೆಗೆ ಇಪ್ಪತ್ತಮೂರು ಉತ್ತರಗಳು ಬಂದಿವೆ. ನಿಮ್ಮದು ಎಲ್ಲಕ್ಕಿಂತ ಸ್ಪಷ್ಟವಾಗಿದೆ. ಹೊಸದಾಗಿ ಸೇರಿದವರಿಗೆ ಹೆಚ್ಚು ಗುಂಡು ಹಿಡಿಯುವ ಆಯುಧ ಬೇಕು. ಹತ್ತು ವರ್ಷ ಕಳೆದವರು ತೂಕ ಕಡಿಮೆ ಇರುವುದನ್ನು ಕೇಳುತ್ತಾರೆ. ನಿವೃತ್ತಿಗೆ ಹತ್ತಿರವಾದವರು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಒಬ್ಬರು ಸೊಂಟನೋವಿನ ಚೀಟಿಯನ್ನೇ ಲಗತ್ತಿಸಿದ್ದಾರೆ. ಯಾದಗಿರಿಯಲ್ಲಿರುವ ಒಬ್ಬರು ಚರ್ಮದ ಚೀಲ ಚೆನ್ನಾಗಿತ್ತೆಂದು ಅದಕ್ಕೆ ಹೊಂದುವ ಪಿಸ್ತೂಲು ಆರಿಸಿದರಂತೆ. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಜನ ಮೈದಾನದ ಹೊರಗೆ ಒಂದು ಗುಂಡನ್ನೂ ಹಾರಿಸಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: 1998ರವರೆಗೆ ಪಿಸ್ತೂಲು, ಆಮೇಲೆ ರಿವಾಲ್ವರ್. ಕಾರಣ ತರಗತಿಯಲ್ಲಿ ಹೇಳಿದ್ದೇ.

ನನ್ನ ಒಂದು ಮಾತು ನೆನಪಿಟ್ಟು ಆಯುಧ ಬದಲಿಸಿದ್ದೀರಿ. ಸಂತೋಷ.

ಪಾಂಡುರಂಗ ಆಳಂದಕರ


ಕಮಲಾಪುರ
21 ಜನವರಿ 2024

ಗೌರವಾನ್ವಿತ ಸರ್,

ಇಷ್ಟು ದಿನ ಬರೆಯಲಾಗಲಿಲ್ಲ. ಕೆಲಸ ಹೆಚ್ಚಿತ್ತು.

ಟ್ರಿಗರ್ ಎಳೆದರೂ ರಿವಾಲ್ವರಿನಿಂದ ಗುಂಡು ಹಾರದೇ ಇರಲು ಯಾವ ಯಾವ ಕಾರಣಗಳಿರಬಹುದು? ಕಾಡತೂಸಿನ ಮೇಲೆ ಏಟಿನ ಗುರುತೂ ಬೀಳದೇ ಇದ್ದರೆ ಅದಕ್ಕೇನು ಕಾರಣ? ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಬೇಗ ಉತ್ತರಿಸಿದರೆ ಉಪಕಾರ.

ಮಾಯಾ


ಬ್ರಹ್ಮಪುರ, ಕಲಬುರಗಿ
25 ಜನವರಿ 2024

ಮಾಯಾ ಅವರಿಗೆ,

ಆಯುಧ ಕೆಲಸ ಮಾಡುತ್ತಿರುವಾಗಲೇ ಅದು ಯಾವಾಗ ಕೆಡಬಹುದು ಎಂದು ಯೋಚಿಸುವವರು ಕಡಿಮೆ. ನಿಮ್ಮ ಪ್ರಶ್ನೆ ಓದಿ ಇಡೀ ಬೆಳಗ್ಗೆ ಇದನ್ನೇ ಬರೆಯುತ್ತ ಕುಳಿತೆ. ನನ್ನ ಹೆಂಡತಿ ಪಾರ್ವತೀಬಾಯಿ ಎರಡು ಸಲ ಚಹಾ ಬಿಸಿ ಮಾಡಿ ತಂದಿಟ್ಟಳು.

ಕಾಡತೂಸು ಹಳೆಯದಾಗಿ ಮದ್ದು ಹೊತ್ತಿಕೊಳ್ಳದಿದ್ದರೆ ಅದರ ಬೆನ್ನಿನ ಮೇಲೆ ಏಟಿನ ಗುಳಿ ಬಿದ್ದೇ ಇರುತ್ತದೆ. ಗುಳಿ ಇಲ್ಲವೆಂದರೆ ಸುತ್ತಿಗೆ ಬಂದು ಬಡಿದಿಲ್ಲ. ಹೊಡೆಯುವ ಮೊಳೆ ಮುರಿದಿರಬಹುದು, ಒಳಗಿನ ಸ್ಪ್ರಿಂಗ್ ಸೋತಿರಬಹುದು. ಹೆಚ್ಚಾಗಿ ಕಾಣುವುದು ಬೇರೊಂದು ದೋಷ: ಗುಂಡು ತುಂಬುವ ಸಿಲಿಂಡರಿನ ಬೆನ್ನಿಗೆ ಜೋಳದ ಕಾಳಿನ ಕಾಲು ಭಾಗದಷ್ಟು ಕಸ ಸೇರಿದರೂ ಅದು ತಿರುಗಲೊಲ್ಲದು, ಟ್ರಿಗರ್ ಕಲ್ಲಿನಂತೆ ನಿಂತುಬಿಡುತ್ತದೆ. ಆಮೇಲೆ ಯಾರಾದರೂ ಬಟ್ಟೆಯಿಂದ ಒರೆಸಿದರೆ ದೋಷದ ಸುಳಿವೂ ಉಳಿಯುವುದಿಲ್ಲ.

ತಿಂಗಳಿಗೊಮ್ಮೆ ಒರೆಸಿ ಇಡಿ.

ಪಾಂಡುರಂಗ ಆಳಂದಕರ


ಬ್ರಹ್ಮಪುರ, ಕಲಬುರಗಿ
19 ಮಾರ್ಚ್ 2024

ಮಾಯಾ ಅವರಿಗೆ,

ನನ್ನ ಜನವರಿಯ ಪತ್ರಕ್ಕೆ ನೀವು ಉತ್ತರಿಸಲಿಲ್ಲ. ಮೊನ್ನೆ ಬೇರೆ ಕಡೆಯಿಂದ ಒಂದು ಕಡತ ಬಂದಿತು. ಇಲಾಖಾ ವಿಚಾರಣೆಯೊಂದರಲ್ಲಿ ತಾಂತ್ರಿಕ ಅಭಿಪ್ರಾಯ ಕೊಡಬೇಕೆಂದು ವಿಚಾರಣಾಧಿಕಾರಿ ನನ್ನನ್ನು ಕೇಳಿದ್ದಾರೆ. ಏಪ್ರಿಲ್ 30ರೊಳಗೆ ಕೊಡಬೇಕು.

ಕಡತದಲ್ಲಿ ಇರುವುದು ಇಷ್ಟು. ಜನವರಿ 17ರ ಬೆಳಗ್ಗೆ ನೀವು ಮತ್ತು ಕಾನ್‌ಸ್ಟೇಬಲ್ ಶಫಿ ಒಬ್ಬನನ್ನು ಬಂಧಿಸುವ ವಾರಂಟು ಹಿಡಿದು ಒಂದು ಹೊಲಕ್ಕೆ ಹೋದಿರಿ. ಅವನು ಕುಡಗೋಲು ಎತ್ತಿದ. ನೀವು ರಿವಾಲ್ವರ್ ತೆಗೆದಿರಿ. ಟ್ರಿಗರನ್ನು ಎರಡು ಸಲ ಎಳೆದರೂ ಅದು ಅಲುಗಲಿಲ್ಲ ಎಂದು ನಿಮ್ಮ ಹೇಳಿಕೆ. ಅಷ್ಟರಲ್ಲಿ ಕುಡಗೋಲು ಶಫಿಯ ಬಲಗೈಗೆ ಬಿತ್ತು.

ಮರುದಿನ ರಿವಾಲ್ವರ್ ಇಲ್ಲಿನ ಶಸ್ತ್ರಾಗಾರಕ್ಕೆ ಬಂದಿದೆ. ಹೆಡ್ ಕಾನ್‌ಸ್ಟೇಬಲ್ ತುಕಾರಾಮ ಪರೀಕ್ಷಿಸಿ, ದೋಷವಿಲ್ಲವೆಂದು ಬರೆದು ಮೊಹರು ಹಾಕಿದ್ದಾರೆ. ಡಿಸೆಂಬರಿನಲ್ಲಿ ಅದೇ ರಿವಾಲ್ವರಿಗೆ ಸುಸ್ಥಿತಿಯ ಸಹಿ ಹಾಕಿದವರೂ ಅವರೇ. ಆಗ ಸರಿಯಾಗಿ ನೋಡಲಿಲ್ಲ, ಜನವರಿಯಲ್ಲಿ ಅದನ್ನು ಮುಚ್ಚಿಡಲು ಗುಟ್ಟಾಗಿ ರಿಪೇರಿ ಮಾಡಿದರು ಎಂದು ಈಗ ಅವರ ಮೇಲೆ ಆರೋಪ. ಫೆಬ್ರವರಿಯಿಂದ ಅಮಾನತಿನಲ್ಲಿದ್ದಾರೆ. ನಿವೃತ್ತಿಗೆ ಹದಿಮೂರು ತಿಂಗಳು ಉಳಿದಿದೆ.

ನಿಮ್ಮ ಹೇಳಿಕೆಯನ್ನು ಕಡತದ ಹನ್ನೊಂದನೇ ಪುಟದಲ್ಲಿ ಓದಿದೆ. ಫೆಬ್ರವರಿ 2ರ ದಿನಾಂಕವಿದೆ. "ಸಿಲಿಂಡರಿನ ಬೆನ್ನಿಗೆ ಜೋಳದ ಕಾಳಿನ ಕಾಲು ಭಾಗದಷ್ಟು ಕಸ ಸೇರಿದ್ದಿರಬಹುದು." ಈ ಜೋಳದ ಕಾಳು ನನ್ನದು. ಒರೆಸಿದರೆ ಸುಳಿವು ಉಳಿಯುವುದಿಲ್ಲ ಎಂಬ ಮಾತೂ ನನ್ನದೇ.

ಟ್ರಿಗರ್ ಎಳೆದಿದ್ದೀರಾ?

ಪಾಂಡುರಂಗ ಆಳಂದಕರ


ಕಮಲಾಪುರ
2 ಏಪ್ರಿಲ್ 2024

ಮಾನ್ಯರೇ,

ವಿಷಯ ವಿಚಾರಣೆಯಲ್ಲಿದೆ. ಅದರ ಬಗ್ಗೆ ಪತ್ರ ಬರೆಯುವುದು ನಿಯಮಕ್ಕೆ ವಿರುದ್ಧ. ನನ್ನ ಹೇಳಿಕೆ ಕಡತದಲ್ಲಿದೆ.

ಶಫಿಯ ಮೂರು ಬೆರಳು ಮಡಚುವುದಿಲ್ಲ. ಮೊನ್ನೆ ಠಾಣೆಗೆ ಬಂದು ಎಡಗೈಯಿಂದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರು. ಸಹಿ ಹೊಂದುವುದಿಲ್ಲವೆಂದು ಗುಮಾಸ್ತರು ತಕರಾರು ತೆಗೆದರು. ಸಾಕ್ಷಿಯಾಗಿ ಪಕ್ಕದಲ್ಲಿ ನಾನು ಸಹಿ ಹಾಕಿದೆ.

ನಿಮ್ಮ ಪಾಠ ಕೇಳದೆ ಪಿಸ್ತೂಲನ್ನೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದುಂಟು.

ಮಾಯಾ, ಪಿ.ಎಸ್.ಐ.


ಬ್ರಹ್ಮಪುರ, ಕಲಬುರಗಿ
9 ಏಪ್ರಿಲ್ 2024

ಮಾಯಾ,

ನೀವು ನನ್ನ ಪಾಠದ ಮಾತು ಎತ್ತಿದ್ದೀರಿ. ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

1998ರಲ್ಲಿ ನೆಹರು ಗಂಜ್ ಮಾರುಕಟ್ಟೆಯಲ್ಲಿ ಹಮಾಲರ ಗಲಾಟೆಯಾಯಿತು. ಕಲ್ಲು ಬೀಳುತ್ತಿದ್ದವು. ನಾನು ಇನ್‌ಸ್ಪೆಕ್ಟರ್. ಗಾಳಿಯಲ್ಲಿ ಒಂದು ಗುಂಡು ಹಾರಿಸಲು ಆದೇಶವಿತ್ತು, ಹಾರಿಸಿದೆ. ಪಿಸ್ತೂಲು ಒಂದು ಹಾರಿಸಿದ ಕೂಡಲೇ ಇನ್ನೊಂದನ್ನು ತಾನೇ ಏರಿಸಿಕೊಂಡು ಸಿದ್ಧವಾಗಿರುತ್ತದೆ. ಇದನ್ನು ನಿಮಗೆ ಮೊದಲ ದಿನವೇ ಕಲಿಸಿದ್ದೇನೆ. ಕೈ ಕೆಳಗಿಳಿಸುವಾಗ ನನ್ನ ಬೆರಳು ಟ್ರಿಗರಿನ ಮೇಲೆಯೇ ಇತ್ತು. ಎರಡನೇ ಗುಂಡು ಮರೆಪ್ಪ ಎಂಬ ಹಮಾಲನ ಮೊಣಕಾಲಿಗೆ ಹೋಯಿತು. ಅವನು ಕಲ್ಲು ಎಸೆಯುವವರಲ್ಲಿ ಇರಲಿಲ್ಲ. ತೊಗರಿ ಚೀಲಗಳ ಪಕ್ಕ ನಿಂತು ನೋಡುತ್ತಿದ್ದ. ಕಾಲು ಉಳಿಯಲಿಲ್ಲ.

ಪಿಸ್ತೂಲು ಕೆಟ್ಟಿತ್ತು, ಒಂದು ಸಲ ಎಳೆದರೆ ಎರಡು ಹಾರಿತು ಎಂದು ವರದಿ ಬರೆದೆ. ಅಂದಿನ ಶಸ್ತ್ರಾಗಾರದಲ್ಲಿದ್ದವರು ವಹಾಬ್. ಆಯುಧ ಸರಿಯಿದೆ ಎಂದು ಅವರು ಬರೆದುಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಮಾತಿಗಿಂತ ಇನ್‌ಸ್ಪೆಕ್ಟರ್ ಮಾತು ತೂಕವಾಯಿತು. ಪಿಸ್ತೂಲನ್ನು ಗುಜರಿಗೆ ಹಾಕಿದರು. ವಹಾಬರನ್ನು ಶಸ್ತ್ರಾಗಾರದಿಂದ ತೆಗೆದು ಜೈಲಿನ ಗೇಟಿಗೆ ಹಾಕಿದರು. ಆರು ವರ್ಷ ಅಲ್ಲಿಯೇ ನಿಂತು ನಿವೃತ್ತರಾದರು.

ಅದಾದ ಮೇಲೆ ನಾನು ರಿವಾಲ್ವರ್ ಹಿಡಿದೆ. ಅದರ ಟ್ರಿಗರ್ ಗಟ್ಟಿ, ಪ್ರತಿ ಸಲ ಉದ್ದಕ್ಕೆ ಎಳೆಯಬೇಕು, ತಪ್ಪಿ ಹಾರುವುದು ಕಷ್ಟ. ನನಗೆ ಬೇಕಾಗಿದ್ದದ್ದು ಅದೇ. ಕೇಳಿದವರಿಗೆ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ ಎಂದು ದೂರು ಹೇಳಿದೆ. ಹೇಳುತ್ತ ಹೇಳುತ್ತ ಪಾಠವಾಯಿತು. ಹದಿನಾರು ತಂಡಗಳು ಅದನ್ನು ಬರೆದುಕೊಂಡವು.

ಕಡತದ ಜೊತೆ ಬಂದ ಪರೀಕ್ಷಾ ವರದಿ ಮತ್ತು ಚಿತ್ರಗಳನ್ನು ನೋಡಿದ್ದೇನೆ. ಸಿಲಿಂಡರಿನ ಬೆನ್ನಿನ ಹಳೆಯ ಎಣ್ಣೆಯ ಪದರ ಹಾಗೆಯೇ ಇದೆ, ಅದನ್ನು ಯಾರೂ ಒರೆಸಿಲ್ಲ. ಆ ರಿವಾಲ್ವರಿನಲ್ಲಿ ದೋಷವಿರಲಿಲ್ಲ ಎಂದು ಬರೆಯುತ್ತೇನೆ. ನಿಮ್ಮ ಜನವರಿಯ ಪತ್ರ ನನ್ನ ಬಳಿ ಇದೆ. ಅದನ್ನು ವಿಚಾರಣಾಧಿಕಾರಿಗೆ ಕೊಡಬೇಕಾಗುತ್ತದೆ. ಕೊಡುವ ಮೊದಲು ನಿಮಗೆ ತಿಳಿದಿರಲಿ ಎಂದು ಬರೆದೆ.

ಪಾಂಡುರಂಗ


ಕಮಲಾಪುರ
22 ಏಪ್ರಿಲ್ 2024

ಸರ್,

ಪತ್ರವನ್ನು ನೀವು ಕೊಡಬೇಕಾಗಿಲ್ಲ. ಕೊಟ್ಟರೂ ಅಡ್ಡಿಯಿಲ್ಲ. ಮೊನ್ನೆ ನಾನೇ ಕಲಬುರಗಿಗೆ ಬಂದು ವಿಚಾರಣಾಧಿಕಾರಿಯ ಮುಂದೆ ಹೊಸ ಹೇಳಿಕೆ ಬರೆದುಕೊಟ್ಟೆ. ಬ್ರಹ್ಮಪುರಕ್ಕೆ ಬಂದು ನಿಮ್ಮನ್ನು ನೋಡಬಹುದಿತ್ತು. ಬರಲಿಲ್ಲ.

ನಾನು ಟ್ರಿಗರ್ ಎಳೆಯಲಿಲ್ಲ.

ಕುಡಗೋಲು ಎತ್ತಿದವನಿಗೂ ನನಗೂ ಹತ್ತು ಹೆಜ್ಜೆ ಅಂತರ. ಅವನ ಹಿಂದೆ ಯಾರೂ ಇರಲಿಲ್ಲ, ತೊಗರಿ ಹೊಲ ಮಾತ್ರ. ಶಫಿ "ಹೊಡೀರಿ ಮೇಡಂ, ಹೊಡೀರಿ!" ಎಂದು ಕೂಗಿದರು. ಬೆರಳು ಟ್ರಿಗರಿನ ಮೇಲಿತ್ತು. ಆಮೇಲೆ ಎಷ್ಟೋ ಕಾರಣ ಹುಡುಕಿದ್ದೇನೆ. ಮಗುವೊಂದು ಅಡ್ಡ ಬಂದಂತಾಯಿತು, ಕಣ್ಣಿಗೆ ಬಿಸಿಲು ಹೊಡೆಯಿತು, ಹೀಗೆ. ಮಗು ಇರಲಿಲ್ಲ. ಬಿಸಿಲು ನನ್ನ ಬೆನ್ನಿಗಿತ್ತು. ಎಳೆಯಲಿಲ್ಲ, ಅಷ್ಟೇ. ಕುಡಗೋಲು ಬಿದ್ದ ಮೇಲೆ ಶಫಿಯೇ ಎಡಗೈಯಿಂದ ಅವನ ಕಾಲು ಹಿಡಿದು ಬೀಳಿಸಿದರು. ನಾನು ಬೇಡಿ ಹಾಕಿದೆ.

ಆಸ್ಪತ್ರೆಯಲ್ಲಿ ಶಫಿಯನ್ನು ಕೇಳಿದೆ, ನೀವು ಏನು ನೋಡಿದಿರಿ ಎಂದು. "ನಾ ಏನೂ ನೋಡಿಲ್ರಿ ಮೇಡಂ. ಕಣ್ಣಾಗ ರಕ್ತ ಬಂದಿತ್ತು" ಅಂದರು. ಏಟು ಬಿದ್ದದ್ದು ಕೈಗೆ ಸರ್. ಕಣ್ಣಿನಲ್ಲಿ ರಕ್ತ ಇರಲಿಲ್ಲ. ವಿಚಾರಣೆಯಲ್ಲೂ ಅವರು, "ಮೇಡಂ ಎಳದಾರ, ಆಗಿಲ್ಲ" ಎಂದೇ ಹೇಳಿದರು. ಕೈ ಕಳೆದುಕೊಂಡವರು ನನ್ನ ಪರವಾಗಿ ಸುಳ್ಳು ಹೇಳಿದ ಮೇಲೆ ನನ್ನ ಸುಳ್ಳು ನನಗೆ ಸುಲಭವಾಯಿತು. ತುಕಾರಾಮ ಎಂಬವರ ಹೆಸರು ನನಗೆ ಆಗ ಗೊತ್ತಿರಲಿಲ್ಲ. ಶಸ್ತ್ರಾಗಾರ ಎಂದರೆ ಒಂದು ಕಿಟಕಿ, ಒಂದು ಸಹಿ, ಅಷ್ಟೇ ಅಂದುಕೊಂಡಿದ್ದೆ. ನಿಮ್ಮ ಮಾರ್ಚ್ ತಿಂಗಳ ಪತ್ರದಲ್ಲಿ ಹೆಸರು ಓದಿದ ಮೇಲೆ ಸಿಟ್ಟು ಬಂತು. ನಿಮ್ಮ ಮೇಲೆ.

ಅಪ್ಪನಿಗೆ ತುಕಾರಾಮರ ವಿಷಯ ಹೇಳಿ, ನನ್ನ ನೌಕರಿ ಹೋಗಬಹುದು ಎಂದೆ. "ಆ ಮನಷ್ಯಾನ ಮುಂದ ನಿಂತು ಹೇಳೀದಿ?" ಎಂದು ಕೇಳಿದರು. ಇಲ್ಲ ಎಂದೆ.

ಮಾಯಾ


ಬ್ರಹ್ಮಪುರ, ಕಲಬುರಗಿ
11 ಜೂನ್ 2024

ಮಾಯಾ,

ನನ್ನ ಅಭಿಪ್ರಾಯ ಕೊಟ್ಟೆ. ನಮ್ಮಿಬ್ಬರ ಪತ್ರವ್ಯವಹಾರ ಇತ್ತೆಂದೂ ಬರೆದೆ. ನಿಮ್ಮ ಹೇಳಿಕೆ ಮೊದಲೇ ತಲುಪಿದ್ದರಿಂದ ನನ್ನದು ಎರಡನೆಯದಾಯಿತು. ಅದು ಸರಿಯೇ.

ನಿಮ್ಮ ತಂದೆಯವರ ಮಾತು ಓದಿದ ಮೇಲೆ ನಾನು ವಹಾಬರ ಮನೆಗೆಂದು ಶಹಾಬಜಾರಿಗೆ ಹೋದೆ. ವಹಾಬ್ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಅವರ ಹೆಂಡತಿ ಇಕ್ಬಾಲ್ ಬೇಗಂ ಅದೇ ಮನೆಯಲ್ಲಿದ್ದಾರೆ. ನನ್ನ ಕಿವಿಗಾಗಿ ಪಾರ್ವತೀಬಾಯಿ ಜೊತೆಗೆ ಬಂದಿದ್ದಳು. ಬೇರೆಯವರು ಹೇಳಿದ್ದನ್ನು ಪಾಟಿಯ ಮೇಲೆ ಬರೆದು ತೋರಿಸುವುದು ಅವಳ ರೂಢಿ.

ಓಣಿ ಇಕ್ಕಟ್ಟು, ಮನೆಗೆ ಬಾಗಿಲ ಪರದೆ ಮಾತ್ರ. ನನ್ನ ದನಿ ಎಷ್ಟು ಏರಿದೆ ಎಂದು ನನಗೆ ತಿಳಿಯುವುದಿಲ್ಲ. ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡೇ ಎಲ್ಲವನ್ನೂ ಹೇಳಿದೆ. ತಲೆ ಎತ್ತಿದಾಗ ಎದುರು ಮನೆಯ ಜಗುಲಿಯ ಮೇಲೆ ಏಳೆಂಟು ಜನ ನಿಂತಿದ್ದರು. ಓಣಿಯ ಟೈಲರ್ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಿದ್ದ. ಪಾರ್ವತೀಬಾಯಿಗೂ ಈ ವಿಷಯ ತಿಳಿದದ್ದು ಅಲ್ಲಿಯೇ. ಇಕ್ಬಾಲ್ ಬೇಗಂ ಮಾತನಾಡಲು ಶುರು ಮಾಡಿದರೂ ಅವಳು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ನಾನು ಪಾಟಿಯನ್ನೇ ನೋಡುತ್ತ ಕುಳಿತಿದ್ದೆ.

ಆಮೇಲೆ ಬರೆದಳು. ಇಕ್ಬಾಲ್ ಬೇಗಂ ಹೇಳಿದ್ದು: "ಅವ್ರಿಗೆ ಗೊತ್ತಿತ್ರಿ ಸಾಹೇಬ್ರ. ಗುಜರಿಗೆ ಕಳಸೂಕಿಂತ ಮೊದ್ಲ ಆ ಪಿಸ್ತೂಲ್ ಐವತ್ ಸಲ ಹೊಡದ್ ನೋಡಿದ್ರಂತ. ಮನ್ಯಾಗ ಹೇಳ್ತಿದ್ರು, ಪಿಸ್ತೂಲ್ದು ತಪ್ಪಿಲ್ಲ, ಅದು ಬೇಕಸೂರ್ ಅದ ಅಂತ. ನಿಮ್ಮ ಹೆಸರು ಒಮ್ಮೆನೂ ತಗೊಂಡಿಲ್ಲ."

ನಾನು ಕ್ಷಮೆ ಕೇಳಿದೆ. "ಬಾಯಿಲೆ ಹೇಳಿದ್ದು ಓಣಿಗೆ ಕೇಳ್ತು. ಆಫೀಸಿಗೆ ಕೇಳಿಲ್ಲ. ಕಾಗದದಾಗ ಬರೀರಿ" ಅಂದರು. ಅಲ್ಲಿಯೇ ಕುಳಿತು ಬರೆದೆ. ಒಂದು ಪ್ರತಿ ಅವರಿಗೆ, ಒಂದು ಇಲಾಖೆಗೆ. ಇಲಾಖೆಯಿಂದ ಸ್ವೀಕೃತಿಯ ಹೊರತು ಬೇರೇನೂ ಬಂದಿಲ್ಲ. ಮರೆಪ್ಪನನ್ನು ಗಂಜಿನಲ್ಲಿ ಹುಡುಕಿದೆ. ಸೋಲಾಪುರದ ಕಡೆ ಮಗಳ ಮನೆಗೆ ಹೋದನೆಂದು ಒಬ್ಬರು, ಸತ್ತನೆಂದು ಇನ್ನೊಬ್ಬರು ಹೇಳಿದರು. ಹುಡುಕುತ್ತಿದ್ದೇನೆ.

ಪಾರ್ವತೀಬಾಯಿ ನಾಲ್ಕು ದಿನ ಪಾಟಿ ಮುಟ್ಟಲಿಲ್ಲ. ಐದನೇ ದಿನ "ಊಟ" ಎಂದು ಬರೆದಳು.

ಸಂಚಿಕೆಗೆ ಲೇಖನ ಕೊಡಲಿಲ್ಲ. ಜನ ಕೊಟ್ಟ ಕಾರಣಗಳನ್ನು ಲೆಕ್ಕ ಹಾಕಿದ್ದೆ. ಎಷ್ಟು ನಿಜವೆಂದು ಈಗ ನನಗೆ ಗೊತ್ತಿಲ್ಲ.

ಪಾಂಡುರಂಗ


ಕಲಬುರಗಿ
20 ಸೆಪ್ಟೆಂಬರ್ 2024

ಸರ್,

ಒಂದೇ ಊರಿನಲ್ಲಿದ್ದೂ ಪತ್ರ ಬರೆಯುತ್ತಿದ್ದೇನೆ. ಆದೇಶ ಆಗಸ್ಟಿನಲ್ಲಿ ಬಂತು. ನೌಕರಿ ಉಳಿದಿದೆ. ಎರಡು ವರ್ಷದ ಬಡ್ತಿ ತಡೆ, ಠಾಣೆಯ ಹೊಣೆ ಇಲ್ಲ. ಇಲ್ಲಿನ ದಾಖಲೆ ವಿಭಾಗದಲ್ಲಿ ಕುಳಿತುಕೊಳ್ಳುತ್ತೇನೆ. ಶಫಿಯ ಮೇಲೂ ಸುಳ್ಳು ಸಾಕ್ಷಿಯ ನೋಟಿಸು ಬಂದಿತ್ತು. ಗಾಯ ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟರು. ಕಮಲಾಪುರ ಬಿಡುವ ದಿನ ಅವರ ಮನೆಗೆ ಹೋಗಿದ್ದೆ. "ನೀವು ಹೇಳಬಾರ್ದಿತ್ರಿ ಮೇಡಂ" ಎಂದು ಬೇಸರದಿಂದಲೇ ಅಂದರು. ಸತ್ಯ ಹೇಳಿದ್ದಕ್ಕೆ ಮೆಚ್ಚಿದವರಿಗಿಂತ ಹೀಗೆ ಅಂದವರೇ ಹೆಚ್ಚು.

ನಿನ್ನೆ ವಾರ್ಷಿಕ ಗುಂಡಿನ ಪರೀಕ್ಷೆಗೆ ನನ್ನನ್ನೂ ಕರೆದಿದ್ದರು. ಆಯುಧ ಪಡೆಯಲು ಸರದಿಯಲ್ಲಿ ನಿಂತೆ. ಮೇಜಿನ ಆಚೆ ಕನ್ನಡಕ ಹಾಕಿಕೊಂಡ ಒಬ್ಬರು ಕುಳಿತಿದ್ದರು. ಎದೆಯ ಮೇಲೆ ತುಕಾರಾಮ ಎಂದು ಹೆಸರಿತ್ತು. ಮರಳಿ ಕೆಲಸಕ್ಕೆ ಬಂದಿದ್ದಾರೆಂದು ಗೊತ್ತಿತ್ತು. ಮುಖ ನೋಡಿದ್ದು ಅದೇ ಮೊದಲು.

"ನಾನು ಮಾಯಾ ಅಂತ್ರಿ" ಎಂದೆ.

"ಗೊತ್ತದರಿ" ಅಂದರು. ಖಾಲಿ ರಿವಾಲ್ವರ್ ಒಂದನ್ನು ಮುಂದಿಟ್ಟು, "ಹಿಡೀರಿ" ಅಂದರು. ಹಿಡಿದೆ. ಬಗ್ಗಿ ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಕೈ ಸಣ್ಣದರಿ. ಬೆರಳಿನ ತುದಿ ಅಷ್ಟೇ ಮುಟ್ತದ. ಇಷ್ಟು ಗಟ್ಟಿ ಟ್ರಿಗರಿಗೆ ಅದು ಸಾಲಂಗಿಲ್ಲ. ನಿಮಗ ಇದನ್ನ ಕೊಡಬಾರ್ದಿತ್ತು. ಚೀಟಿ ಬಂತು, ಕಳಸಿದೆ. ಕೈ ನೋಡಲಿಲ್ಲ. ಅದು ನನ್ನ ತಪ್ಪು."

ನಾಲ್ಕು ತಿಂಗಳು ಅಮಾನತಿನಲ್ಲಿದ್ದ ಮನುಷ್ಯ ಹೀಗೆ ಹೇಳಿದರು. ಇದೇ ಮಾತು ಫೆಬ್ರವರಿಯಲ್ಲಿ ನನಗೆ ಸಿಕ್ಕಿದ್ದರೆ ಹೇಳಿಕೆಯಲ್ಲಿ ಬರೆದುಬಿಡುತ್ತಿದ್ದೆ. ಯಾರೂ ಅಲ್ಲಗಳೆಯಲು ಬರುತ್ತಿರಲಿಲ್ಲ.

"ಅದಲ್ರಿ ಕಾರಣ. ನಾನು ಎಳೀಲೇ ಇಲ್ಲ. ನಿಮಗ ಅನ್ಯಾಯ ಮಾಡಿದೆ" ಎಂದೆ. ಹಿಂದೆ ಸರದಿಯಲ್ಲಿದ್ದವರಿಗೂ ಅದು ಕೇಳಿಸಿತು.

ಅವರು ರಿವಾಲ್ವರನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಅದು ಬ್ಯಾರೆ, ಇದು ಬ್ಯಾರೆ" ಅಂದರು. ಸಣ್ಣ ಹಿಡಿಯ ಪಿಸ್ತೂಲೊಂದನ್ನು ಕಪಾಟಿನಿಂದ ತೆಗೆದು, ಒರೆಸಿ, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿದರು. ರಿಜಿಸ್ಟರ್ ನನ್ನ ಕಡೆಗೆ ತಿರುಗಿಸಿದರು.

ಸಹಿ ಹಾಕಿ ತೆಗೆದುಕೊಂಡೆ.

ಮಾಯಾ